ಗಣಿ ಕೈಯಲ್ಲಿಲ್ಲದಿದ್ದರೂ ಘಾನಾ ದೊರೆಗೆ ಚಿನ್ನ ಎಲ್ಲಿಂದ?

ಚಿನ್ನದ ಗಣಿಗಳು ದೂರದ ಬಂಬುಕ್‌ನಲ್ಲಿದ್ದರೆ (ಇಂದಿನ ಸೆನೆಗಲ್–ಮಾಲಿ ಗಡಿಯ ಪ್ರದೇಶ) ಪಶ್ಚಿಮ ಆಫ್ರಿಕಾದ ಹಳೆಯ ಘಾನಾ ಸಾಮ್ರಾಜ್ಯದ ದೊರೆ ಅಷ್ಟು ಸಿರಿವಂತನಾದದ್ದು ಹೇಗೆ ಅಂತ ಕೇಳಿದ್ದೀರಿ. ಮುಖ್ಯವಾಗಿ ಸುಂಕದಿಂದ. 1068ರಲ್ಲಿ, ತಾನು ಅಲ್ಲಿಗೆ ಹೋಗದೆಯೇ ಸ್ಪೇನ್‌ನಲ್ಲಿ ಕೂತು ಬರೆದ ಅರಬ್ ಭೂಗೋಳಜ್ಞ ಅಲ್-ಬಕ್ರಿ ಸುಂಕದ ದರವನ್ನೇ ಕೊಟ್ಟಿದ್ದಾನೆ: ಒಂದು ಕತ್ತೆ ಹೇರು ಉಪ್ಪು ಒಳಬಂದರೆ 1 ದಿನಾರ್, ಹೊರಹೋದರೆ 2. ದಿನಾರ್ ಸುಮಾರು 4.25 ಗ್ರಾಂ ಚಿನ್ನ. ಅದೇ ಹೇರು ದಾಟಿಹೋಗುವಷ್ಟರಲ್ಲಿ ದೊರೆಗೆ ಹೆಚ್ಚುಕಡಿಮೆ 13 ಗ್ರಾಂ! ತಾಮ್ರದ ಹೇರಿಗೆ 5 ಮಿಸ್ಕಾಲ್. ಒಂದು ಮಿಸ್ಕಾಲ್ ತೂಕವೂ ಒಂದು ದಿನಾರಿನಷ್ಟೇ.

ಇನ್ನೊಂದು ಜಾಣತನ: ಗಣಿಯಲ್ಲಿ ಸಿಕ್ಕ ಗಟ್ಟಿಗಳೆಲ್ಲ ದೊರೆಗೆ, ಪುಡಿ ಮಾತ್ರ ಜನಕ್ಕೆ. ಇಲ್ಲದಿದ್ದರೆ ಚಿನ್ನ ಎಲ್ಲರ ಕೈಗೂ ಹೇರಳವಾಗಿ ಸೇರಿ ಬೆಲೆ ಕುಸಿಯುತ್ತಿತ್ತು.

ಅಂದಹಾಗೆ, ಈ ಹಳೆಯ ಸಾಮ್ರಾಜ್ಯವನ್ನು ಇಂದಿನ ಘಾನಾ ದೇಶದಲ್ಲಿ ಹುಡುಕಬೇಡಿ. ಅದು 1957ರಲ್ಲಿ ಎರವಲು ಪಡೆದ ಹೆಸರು. ರಾಜಧಾನಿ ಎನ್ನಲಾಗುವ ಕುಂಬಿ ಸಾಲೆ ಇರುವುದು ಮಾರಿಟೇನಿಯಾದ ಆಗ್ನೇಯದಲ್ಲಿ.