ಕಟ್ ಅಥವಾ ಆಕ್ ಎಂದು ಕೇಳುವ ಮೊದಲು ಉದ್ಧರಣ ಚಿಹ್ನೆಗಳನ್ನು ನೋಡಿ

ಸಿಎಸ್‌ವಿ ಕಡತದಿಂದ, ಅಂದರೆ ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಕಡತದಿಂದ, ಎರಡು ಕಾಲಂಗಳನ್ನಷ್ಟೇ ತೆಗೆಯಲು ಲಿನಕ್ಸ್‌ನ ಆಜ್ಞೆಗಳಾದ ಕಟ್ ಮತ್ತು ಆಕ್‌ಗಳಲ್ಲಿ ಯಾವುದು ವೇಗ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ನನ್ನ ಪ್ರಶ್ನೆಯೂ ಇದೇ ಆಗಿತ್ತು, ಮತ್ತು ನಾನು ಕಟ್ ಅನ್ನು ಆರಿಸಿದ್ದೆ.

ಆಗ ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಕಬ್ಬು ಬೆಳೆಗಾರರ ಪಾವತಿ ಪಟ್ಟಿಯಲ್ಲಿ ಕ್ರಮಸಂಖ್ಯೆ, ಹೆಸರು, ವಿಳಾಸ, ಮೊತ್ತ ಎಂಬ ನಾಲ್ಕು ಕಾಲಂಗಳಿದ್ದವು. ಅಲ್ಪವಿರಾಮವನ್ನು ವಿಭಾಜಕವಾಗಿ ಕೊಟ್ಟು ಎರಡನೆಯದನ್ನೂ ನಾಲ್ಕನೆಯದನ್ನೂ ತೆಗೆದೆ. ಮೊದಲ ಹತ್ತು ಸಾಲುಗಳು ಸರಿಯಾಗಿಯೇ ಇದ್ದವು. ಆದರೆ ಮುಂದೆ ಕೆಲವು ವಿಳಾಸಗಳು "ಮಂಡ್ಯ, 571401" ಎಂದು ಪಿನ್‌ಕೋಡ್ ಸಹಿತ ಉದ್ಧರಣ ಚಿಹ್ನೆಗಳೊಳಗಿದ್ದವು. ಕಟ್‌ಗೆ ಆ ಚಿಹ್ನೆಗಳ ಅರ್ಥ ತಿಳಿಯದು. ಅದರ ಪಾಲಿಗೆ ಒಳಗಿನ ಅಲ್ಪವಿರಾಮವೂ ವಿಭಾಜಕವೇ. ಹೀಗಾಗಿ ಆ ಸಾಲುಗಳಲ್ಲಿ ಪಿನ್‌ಕೋಡ್ ನಾಲ್ಕನೆಯ ಕಾಲಂ ಆಯಿತು, ಮೊತ್ತ ಐದನೆಯದಾಗಿ ಹೊರಗುಳಿಯಿತು.

ಇಷ್ಟಾದರೂ ತಪ್ಪು ಸಿಕ್ಕಿಬೀಳಬೇಕಿತ್ತು, ಏಕೆಂದರೆ ಪ್ರತಿ ಪಿನ್‌ಕೋಡಿನ ಕೊನೆಗೂ ಜೊತೆ ತಪ್ಪಿದ ಒಂದು ಉದ್ಧರಣ ಚಿಹ್ನೆ ಅಂಟಿಕೊಂಡು ಬಂದಿತ್ತು. ನಾನು ಅದನ್ನು ಕಸವೆಂದು ಭಾವಿಸಿ, ಬೇಡದ ಅಕ್ಷರಗಳನ್ನು ಅಳಿಸಬಲ್ಲ ಟಿಆರ್ ಆಜ್ಞೆಯಿಂದ ಆ ಚಿಹ್ನೆಗಳನ್ನೆಲ್ಲ ಅಳಿಸಿಬಿಟ್ಟೆ. ನನಗೆ ದುಬಾರಿಯಾದದ್ದು ಕಟ್ ಬಳಸಿದ್ದಲ್ಲ, ಈ ಅಳಿಸುವಿಕೆ: ಸಾಲು ಎಲ್ಲಿ ಒಡೆದಿದೆಯೆಂದು ತೋರಿಸುತ್ತಿದ್ದ ಏಕೈಕ ಗುರುತನ್ನು ನಾನೇ ಒರೆಸಿಹಾಕಿದ್ದೆ, ಮತ್ತು ಚಿಹ್ನೆ ಹೋದ ಮೇಲೆ 571401 ಎಂಬುದು ಒಬ್ಬ ಬೆಳೆಗಾರನಿಗೆ ಸಲ್ಲಬೇಕಾದ 5,71,401 ರೂಪಾಯಿಯಂತೆಯೇ ಕಾಣುತ್ತಿತ್ತು. ಹಲವರಿಗೆ ಒಂದೇ ಮೊತ್ತ ಬಂದಿರುವುದನ್ನು ಹಿರಿಯ ಗುಮಾಸ್ತರೊಬ್ಬರು ಗಮನಿಸಿ ಪಟ್ಟಿಯನ್ನು ತಡೆದರು. ಪಾವತಿ ಒಂಬತ್ತು ದಿನ ತಡವಾಯಿತು. ಸಾಲದ ಕಂತು ಕಟ್ಟಬೇಕಿದ್ದ ರೈತರು ದಿನವೂ ಬಂದು ಕಚೇರಿಯ ಬಾಗಿಲಲ್ಲಿ ಕಾಯುತ್ತಿದ್ದುದನ್ನು ನಾನು ಮರೆತಿಲ್ಲ.

ಆದ್ದರಿಂದ ವೇಗದ ಪ್ರಶ್ನೆಯನ್ನು ಬಿಡಿ. ಅಲ್ಪವಿರಾಮವನ್ನಷ್ಟೇ ವಿಭಾಜಕವಾಗಿ ಕೊಟ್ಟರೆ ಆಕ್ ಕೂಡ ಇದೇ ತಪ್ಪನ್ನು ಮಾಡುತ್ತದೆ. ಮೊದಲು ಆಕ್‌ನಲ್ಲಿ ಪ್ರತಿ ಸಾಲಿನ ಎನ್‌ಎಫ್ ಅನ್ನು, ಅಂದರೆ ಕಾಲಂಗಳ ಎಣಿಕೆಯನ್ನು, ಮುದ್ರಿಸಿ, ಅದನ್ನು ಕ್ರಮವಾಗಿ ಜೋಡಿಸುವ ಸಾರ್ಟ್‌ಗೂ ಆಮೇಲೆ ಪುನರಾವರ್ತನೆಗಳನ್ನು ತೆಗೆಯುವ ಯೂನಿಕ್‌ಗೂ ಹಾಯಿಸಿ. ಒಂದಕ್ಕಿಂತ ಹೆಚ್ಚು ಸಂಖ್ಯೆ ಕಂಡರೆ ಕಟ್ ಅನ್ನು ಮುಟ್ಟಲೇಬೇಡಿ. ಉದ್ಧರಣ ಚಿಹ್ನೆಗಳನ್ನು ಅರಿಯುವ ಪೈಥಾನ್ ಭಾಷೆಯ ಸಿಎಸ್‌ವಿ ಮಾಡ್ಯೂಲ್ ಬಳಸಿ, ಇಲ್ಲವೇ 2023ರಲ್ಲಿ ಬಂದ ಗ್ನೂ ಆಕ್ 5.3ರ ಸಿಎಸ್‌ವಿ ಆಯ್ಕೆಯನ್ನು ಬಳಸಿ. ಮೊತ್ತವನ್ನು ಹೆಸರಿಗಿಂತ ಮೊದಲು ಪಡೆಯುವ ಆಲೋಚನೆಯಿದ್ದರೆ ಇದನ್ನೂ ತಿಳಿದಿರಿ: ನಾಲ್ಕು, ಎರಡು ಎಂದು ಬರೆದುಕೊಟ್ಟರೂ ಕಟ್ ಕಡತದಲ್ಲಿರುವ ಕ್ರಮದಲ್ಲೇ ಕೊಡುತ್ತದೆ.