ತಗಚೆ ಸೊಪ್ಪು ಕಹಿಯಾಗುವುದೇಕೆ? ಬೀಜ ತಿನ್ನಬಹುದೇ?

ಪ್ರಶ್ನೆ: ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳು) ತಜಂಕ್, ಅಂದರೆ ತಗಚೆ ಸೊಪ್ಪಿನ ಪಲ್ಯ ಮಾಡಿದೆ. ಬಾಯಿಗಿಡಲಾಗದಷ್ಟು ಕಹಿ, ಮೇಲೆ ನಾರು. ಎಲ್ಲಿ ತಪ್ಪಿತು?
– ಓದುಗರು, ಕಾರ್ಕಳ

ಉತ್ತರ: ಬಲಿತ ಸೊಪ್ಪು ಕೊಯ್ದಿದ್ದೀರಿ. ಮೊದಲ ಮಳೆಗೆ ಮೊಳೆತ ತಗಚೆ ಗೇಣುದ್ದ ಆಗುವವರೆಗೆ ಪಲ್ಯಕ್ಕೆ ರುಚಿ. ಆಮೇಲೆ ಕುಡಿಯ ಎರಡು ಮೂರು ಎಲೆ ಮಾತ್ರ ಚಿವುಟಿ, ಕಡ್ಡಿ ಬಿಡಿ. ಹಳದಿ ಹೂ ಬಿಟ್ಟ ಗಿಡ ಅಡುಗೆಗೆ ಬೇಡವೇ ಬೇಡ.

ನಾಲ್ಕು ಹಿಡಿ ಹೆಚ್ಚಿದ ಸೊಪ್ಪಿಗೆ ಹದಿನೈದು ಹಲಸಿನ ಬೀಜ ಸಾಕು. ಬೀಜ ಜಜ್ಜಿ, ಉಪ್ಪು ಹಾಕಿ ಮೊದಲೇ ಬೇಯಿಸಿಕೊಳ್ಳಿ. ಸೊಪ್ಪಿನ ಜೊತೆಗೇ ಹಾಕಿದರೆ ಬೀಜ ಬೇಯುವಷ್ಟರಲ್ಲಿ ಸೊಪ್ಪು ಕರಗಿಹೋಗುತ್ತದೆ. ಸಾಸಿವೆ, ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆಗೆ ಸೊಪ್ಪು ಹಾಕಿ, ಮುಚ್ಚದೆ ಹತ್ತು ನಿಮಿಷ ಬೇಯಿಸಿ. ಬೆಂದ ಬೀಜ, ಚೂರು ಹುಣಸೆಹುಳಿ, ಬೆಲ್ಲ, ಕೊನೆಗೆ ಅರ್ಧ ಬಟ್ಟಲು ತೆಂಗಿನ ತುರಿ. ಸೊಪ್ಪಿಗೆ ಭೇದಿ ಮಾಡಿಸುವ ಗುಣವಿದೆ, ಮೊದಲ ಸಲ ಸ್ವಲ್ಪವೇ ತಿನ್ನಿ.

ಪ್ರಶ್ನೆ: ರಸ್ತೆ ಬದಿಯ ತಗಚೆ ಗಿಡದ ಬೀಜ ಹುರಿದು ಕಾಫಿಯಂತೆ ಕುಡಿಯಬಹುದೇ? ಎಲೆ ಚೂಪು, ಕೋಡು ಚಪ್ಪಟೆ.
– ಓದುಗರು, ಸಾಗರ

ಉತ್ತರ: ಬೇಡ. ನೀವು ಹೇಳುವ ಗುರುತು ತಗಚೆಯದಲ್ಲ, ಅದರ ದಾಯಾದಿ ಸೆನ್ನಾ ಆಕ್ಸಿಡೆಂಟಾಲಿಸ್‌ನದು. ಪಶ್ಚಿಮ ಉತ್ತರ ಪ್ರದೇಶದಲ್ಲಿ ಅದರ ಬೀಜ ತಿಂದ ಮಕ್ಕಳಲ್ಲಿ ಯಕೃತ್ತು, ಸ್ನಾಯು, ಮೆದುಳು ಕೆಟ್ಟು ಸಾವುಗಳಾಗಿವೆ. ಮಕ್ಕಳಿರುವ ಮನೆಯ ಸುತ್ತ ಅದು ಕಂಡರೆ ಕೋಡು ಬಲಿಯುವ ಮೊದಲೇ ಕಿತ್ತುಹಾಕಿ.

ನಿಜವಾದ ತಗಚೆಯಲ್ಲಿ ಒಂದು ಕಡ್ಡಿಗೆ ಮೂರೇ ಜೊತೆ ಎಲೆ, ತುದಿ ದುಂಡಗೆ ಅಗಲ. ಕೋಡು ಸಪೂರವಾಗಿ, ಕುಡುಗೋಲಿನಂತೆ ಬಾಗಿರುತ್ತದೆ; ಬೀಜ ಕಂದು, ಹೊಳಪು, ಮೂಲೆಮೂಲೆಯಾಗಿರುತ್ತದೆ. ದಾಯಾದಿಯಲ್ಲಿ ನಾಲ್ಕರಿಂದ ಆರು ಜೊತೆ ಚೂಪು ಎಲೆ, ಕೋಡು ಚಪ್ಪಟೆ. ರಾತ್ರಿ ಎಲೆ ಮಡಚುವುದು ಎರಡರಲ್ಲೂ ಇದೆ, ಅದನ್ನು ನಂಬಿ ಗುರುತಿಸಬೇಡಿ.

ಗುರುತು ಖಚಿತವಾದ ತಗಚೆ ಬೀಜವನ್ನು ಸಣ್ಣ ಉರಿಯಲ್ಲಿ, ಚಟಪಟ ಸಿಡಿದು ಗಾಢ ಕಂದಾಗುವವರೆಗೆ ಹುರಿದು ಪುಡಿಮಾಡಿ. ಕಪ್ಪಾದರೆ ಬರೀ ಸುಟ್ಟ ಕಹಿ. ಲೋಟಕ್ಕೆ ಅರ್ಧ ಚಮಚದಿಂದ ಶುರುಮಾಡಿ. ಗರ್ಭಿಣಿಯರಿಗೆ ಬೇಡ.

ಪ್ರಶ್ನೆ: ಕುಂಡದಲ್ಲಿ ಬಿತ್ತಿದ ಬೀಜ ಮೊಳೆಯುತ್ತಿಲ್ಲ.
– ಓದುಗರು, ಶಿರಸಿ

ಉತ್ತರ: ಸಿಪ್ಪೆ ಗಟ್ಟಿ, ನೀರು ಒಳಗಿಳಿಯುವುದಿಲ್ಲ. ಮರಳುಕಾಗದದಲ್ಲಿ ಲಘುವಾಗಿ ಉಜ್ಜಿ, ರಾತ್ರಿಯಿಡೀ ನೆನೆಸಿ. ಉಬ್ಬಿದ ಬೀಜವನ್ನು ಮಾತ್ರ ಬಿತ್ತಿ; ಉಬ್ಬದವನ್ನು ಮತ್ತೊಮ್ಮೆ ಉಜ್ಜಿ.