ಮೇಷ್ಟ್ರನ್ನು ಊರೇ 'ತಾತಯ್ಯ' ಅಂದಿದ್ದು

ಪ್ರಶ್ನೆ: ಮೇಷ್ಟ್ರೇ, ನಮ್ಮ ತಾತ ಮೈಸೂರಿನ ಮರಿಮಲ್ಲಪ್ಪ ಶಾಲೆಯಲ್ಲಿ ಓದಿದವರು. 'ನಮ್ಮದು ತಾತಯ್ಯನವರ ಸ್ಕೂಲು' ಅಂತಿದ್ದರು. ಯಾರು ಈ ತಾತಯ್ಯ? ಶಾಲೆ ಅವರದೇನಾ?
– ಓದುಗರೊಬ್ಬರು, ಮಂಡ್ಯ

ಉತ್ತರ: ಅವರದಲ್ಲ ಕಣಮ್ಮ. ಅದು ಗುರಿಕಾರ ಮರಿಮಲ್ಲಪ್ಪನವರ ಹೆಸರಿನ ಶಾಲೆ, ಶುರುವಾದದ್ದು 1876ರಲ್ಲಿ. ತಾತಯ್ಯ ಅಂದರೆ ಎಂ. ವೆಂಕಟಕೃಷ್ಣಯ್ಯನವರು, ಅಲ್ಲಿನ ಹೆಡ್‌ಮಾಸ್ಟರು. ಪಾಠದ ಜೊತೆಗೆ 'ಸಾಧ್ವಿ' ಪತ್ರಿಕೆಯನ್ನೂ ನಡೆಸಿದರು. ದಿಕ್ಕಿಲ್ಲದ ಮಕ್ಕಳಿಗೆ ಅನಾಥಾಲಯ ಕಟ್ಟಿದರು. ಊರೇ ಅವರನ್ನು ತಾತಯ್ಯ ಅಂದಿತು. ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಬಿರುದು ಯಾವುದಿದೆ, ಹೇಳಿ.

ನಾನು ಓದಿದ್ದು ಬೇರೆ ಖಾಸಗಿ ಶಾಲೆ. ಆದರೂ ತಾತಯ್ಯ ಅಂದಾಗ ನನಗೆ ನೆನಪಾಗುವುದು ನಮ್ಮ ಕನ್ನಡ ಮೇಷ್ಟ್ರು. ಫೀಸು ತರದ ಹುಡುಗನ ಹೆಸರನ್ನು ಅವರು ಯಾವತ್ತೂ ಕೂಗಲಿಲ್ಲ. ಹಾಜರಿ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಚುಕ್ಕೆ ಇಡುತ್ತಿದ್ದರು. ದುಡ್ಡು ಬಂದ ದಿನ ರಬ್ಬರಿನಿಂದ ಉಜ್ಜಿ, ಪುಡಿಯನ್ನು ಊದಿ ಹಾರಿಸುತ್ತಿದ್ದರು. ಏಳನೇ ಕ್ಲಾಸಿನಲ್ಲಿ ನನ್ನ ಹೆಸರಿನ ಪಕ್ಕದ ಚುಕ್ಕೆಯೂ ಅಳಿಸಿತ್ತು. ನಮ್ಮಪ್ಪ ದುಡ್ಡು ಕೊಟ್ಟಿರಲೇ ಇಲ್ಲ.

ಅಂದ ಹಾಗೆ, ತಾತನ ಕ್ಲಾಸಿನ ಗ್ರೂಪ್ ಫೋಟೋ ಮನೆಯಲ್ಲಿದೆಯಾ? ಗುರುತು ಹಿಡಿಯುವವರು ಇರುವಾಗಲೇ ಹಿಂದುಗಡೆ ಹೆಸರುಗಳನ್ನು ಬರೆಸಿಡಿ. ಪೆನ್ಸಿಲ್ಲಿನಲ್ಲೇ ಬರೆಸಿ, ಇಂಕು ಮುಂದಕ್ಕೆ ಇಳಿಯುತ್ತದೆ.